ಏಳನೆಯ ಹೆಣಿಗೆ

ಮೀನು ಹಿಡಿಯುವವರ ಉದ್ದ ಚೀಲದಲ್ಲಿ ಕತ್ತಿ ಹೊತ್ತು
ಬಸ್ಸಿಳಿದು ಬಂದಳು ಹತಾನಾಕಾ ಇಸುಜು.
ಮಿನೊ ಊರಿನ ಶಾಲೆಯಲ್ಲಿ ಮುನ್ನೂರು ಮಕ್ಕಳಿಗೆ
ಮಧ್ಯಾಹ್ನದ ಅಡುಗೆ ಅವಳದು.
"ಬೀಸಿದಾಗ ಟಿಕ್ ಅನ್ನುತ್ತೆ.
ಗುರುಗಳು ಹೇಳ್ತಾರೆ, ಅದು ಕತ್ತಿಯಲ್ಲ, ನಿನ್ನ ಮಣಿಕಟ್ಟು.
ನನಗೆ ನಂಬಿಕೆಯಿಲ್ಲ."

ಮೊಟ್ಟೆ ಕೆಟ್ಟಿದೆಯೋ ಎಂದು ನೋಡುವ ಹಾಗೆ
ಕಿವಿಗೆ ಹಿಡಿದು ಅಲ್ಲಾಡಿಸಿದೆ.
ಟಿಕ್.
ಗುರುಗಳದೇ ತಪ್ಪು.

ಇದು ಕಲಿಯುವವರ ಕತ್ತಿ. ಸತು, ಅಲ್ಯೂಮಿನಿಯಂ ಬೆರಕೆ,
ನಮ್ಮ ಸೆಕಿಯಲ್ಲಿ ಡಜನ್‌ಗಟ್ಟಲೆ ಎರಕ ಹೊಯ್ಯುತ್ತಾರೆ.
ಸಾಣೆ ಕೊಟ್ಟರೂ ಅಂಚು ನಿಲ್ಲದು,
ಸೌತೆಕಾಯಿ ಕೂಡ ಹೆದರದು ಇದಕ್ಕೆ.
ಹಿಡಿ ಮಾತ್ರ ಸುಳ್ಳಲ್ಲ:
ಅದೇ ಮರ, ಅದೇ ತೊರಕೆ ಮೀನಿನ ಒರಟು ಚರ್ಮ,
ಅದೇ ಅಂಗೈ.

ಬಿದಿರ ಗೂಟವನ್ನು ತಟ್ಟಿದೆ ಅಷ್ಟೆ,
ಹಾಲುಹಲ್ಲಿನ ಹಾಗೆ ಉದುರಿತು.
ತಾಮ್ರದ ತೆಳುಬಿಲ್ಲೆ, ಬಸವನಹುಳು ಕೊರೆದ ಕಬ್ಬಿಣದ ತಡೆ,
ಮತ್ತೊಂದು ತೆಳುಬಿಲ್ಲೆ, ಕೊರಳಪಟ್ಟಿ
ಕಳಚಿದ ಸಾಲಿನಲ್ಲೇ ಟವೆಲ್ಲಿನ ಮೇಲೆ ಮಲಗಿದವು.
ಬೆವರು ಕುಡಿದು ಕುಡಿದು ಕಂದು ದಾರ
ಬೆಲ್ಲದಚ್ಚಿನಂತೆ ಗಟ್ಟಿ. ಉಗುರಿನಲ್ಲಿ ಎಬ್ಬಿಸಿ ಬಿಚ್ಚುತ್ತ ಬಂದೆ.

ಅಡಿಯಲ್ಲಿ ಕಾಗದದ ಪುಟ್ಟ ಬೆಣೆಗಳು.
ಮಿನೊ ಕಾಗದವೇ ಆಗಬೇಕು, ದಾರದ ಬೆನ್ನು ಕುಸಿಯದಿರಲು.
ಇವೋ ಅಂಗಡಿಯ ಜಾಹೀರಾತಿನ ಚೂರು:
ಅರ್ಧ ಮೂಲಂಗಿ, ತೊಂಬತ್ತೆಂಟು ಯೆನ್.
ಯಾವ ಕಳ್ಳನ ಕೆಲಸ ಎಂದು ಬೈಯಲು ಬಾಯಿ ತೆರೆದವನು
ಹಿಂಬದಿಯ ಏಳನೆಯ ಹೆಣಿಗೆಗೆ ಬಂದು
ಬಾಯಿ ಮುಚ್ಚಿದೆ.

ಒಮ್ಮೆ ಎಡದ ಮೇಲೆ ಬಲ, ಮರುಸಲ ಬಲದ ಮೇಲೆ ಎಡ.
ಇಲ್ಲಿ ಏಳರ ಜಾಗದಲ್ಲಿ
ಆರೇ ಮತ್ತೊಮ್ಮೆ.

ಆಗ ನನಗೆ ಇಪ್ಪತ್ಮೂರು.
ರೇಡಿಯೋದಲ್ಲಿ ಬೇಸ್‌ಬಾಲ್, ಕೊನೆಯ ಸುತ್ತು,
ಒಕಿಮೊಟೊ ಯಜಮಾನರು ಹಿತ್ತಲಿಗೆ ಹೋಗಿದ್ದರು.
ಚೆಂಡು ಗೋಡೆ ದಾಟಿತು.
ದಾರ ಹಲ್ಲಲ್ಲಿ ಕಚ್ಚಿಕೊಂಡೇ ನಾನು ಕೂಗಿದೆ,
ಕೈ ತನ್ನ ಪಾಡಿಗೆ ಆರನ್ನು ಎರಡು ಸಲ ಕಟ್ಟಿತು.
ಕಂಡಿತು ನನಗೆ. ಬಿಚ್ಚಲಿಲ್ಲ.
ಹಿಂಬದಿ ತಾನೇ, ಅಂಗೈ ಮುಚ್ಚುತ್ತದೆ ಅಂದುಕೊಂಡೆ.

ಹನ್ನೊಂದು ದಿನ ಹಿಡಿದೆ ಈ ಸಲ.
ಮರದ ಸೀಳುಗಳನ್ನು ಅನ್ನದ ಅಂಟಿನಲ್ಲಿ ಕೂಡಿಸಿ
ಅವಳ ಸಣ್ಣ ಕೈಗೆ ಸೊಂಟ ಇಳಿಸಿದೆ.
ಒಲೆಯ ಹೊಗೆಯಲ್ಲಿ ಕಪ್ಪಾದ ಬಿದಿರಿಂದ ಹೊಸ ಗೂಟ.
ಒದ್ದೆ ದಾರ, ಮಿನೊ ಕಾಗದ,
ಒಂದೊಂದು ಹೆಣಿಗೆಗೂ ಬಾಯಲ್ಲಿ ಎಣಿಕೆ.
ನನ್ನ ಹಳೆಯ ಸಾಲ ಬಡ್ಡಿಸಮೇತ ತೀರಿತೆಂದು
ಆ ರಾತ್ರಿ ಎರಡು ಲೋಟ ಸಾಕೆ ಕುಡಿದು ಮಲಗಿದೆ.

ಅಂಗಳದಲ್ಲಿ ನಿಂತು ಬೀಸಿದಳು ಇಸುಜು.
ಗಾಳಿಯ ಸದ್ದು. ಬೇರೇನಿಲ್ಲ.
ಮತ್ತೆ ಬೀಸಿದಳು. ಆಮೇಲೆ ಕಣ್ಣು ಮುಚ್ಚಿ
ಎಡಗೈಯ ತೋರುಬೆರಳಿಂದ ಹಿಡಿಯ ಬೆನ್ನು ತಡವತೊಡಗಿದಳು,
ಕತ್ತಲಲ್ಲಿ ಸ್ವಿಚ್ ಹುಡುಕುವವರ ಹಾಗೆ.
"ಇಲ್ಲೊಂದು ಉಬ್ಬು ಇತ್ತು.
ಎಡಗೈ ಎಲ್ಲಿಡಬೇಕು ಅಂತ ಅದೇ ಹೇಳ್ತಿತ್ತು,
ಹದಿನಾಲ್ಕು ವರ್ಷ. ಎಲ್ಲಿ ಅದು?"
"ಅದು ತಪ್ಪು," ಅಂದೆ.
"ಯಾರದು?"
ನಾನು ಕೆಟಲ್ಲಿನ ಕಡೆ ನೋಡಿದೆ.
"ಯಾರದಾದರೂ ಇರಲಿ, ನನಗೆ ವಾಪಸ್ ಬೇಕು."

ಅಂಗಡಿ ಮುಚ್ಚಿ ಕೂತಿದ್ದೇನೆ.
ತುದಿಯ ಗಂಟು ಬಿಚ್ಚಿ, ಏಳರವರೆಗೂ ಸುರುಳಿ ಇಳಿಸಿ,
ಮೂರು ಸಲ ಕಟ್ಟಿದೆ, ಮೂರು ಸಲವೂ ಸರಿಯಾಗಿಯೇ ಬಂತು.
ರೇಡಿಯೋ ಹಾಕಿದೆ: ನಾಳೆ ನಗಾರಾ ನದಿಯ ಮೇಲೆ ಮಂಜು.
ದಾರ ಹಲ್ಲಲ್ಲಿ ಕಚ್ಚಿದೆ.
ಆರು, ಎಂದೆ ಗಟ್ಟಿಯಾಗಿ. ಮತ್ತೆ ಆರು.
ಕೈ ಏಳನ್ನೇ ಕಟ್ಟಿತು.